ಹಾಡಿದವರ ಮುಖ

ಒಂದೇ ಒಂದು ಹಾಡಿಗಾಗಿ ತೆಗೆದ, ಸಾಮಾನ್ಯವಾಗಿ ಮೂರರಿಂದ ಆರು ನಿಮಿಷದ ಚಿತ್ರಕ್ಕೆ ಮ್ಯೂಸಿಕ್ ವಿಡಿಯೋ ಎನ್ನುತ್ತಾರೆ. ಅದರ ಹಿಂದೆ ಮುಂದೆ ಸಿನಿಮಾ ಇರುವುದಿಲ್ಲ. ಹಾಡಿದವರೇ ತೆರೆಯ ಮೇಲೆ ಬರುತ್ತಾರೆ, ತಮ್ಮ ದನಿಗೆ ತಾವೇ ತುಟಿ ಆಡಿಸುತ್ತಾರೆ. ಕೇಳಲು ಇದು ಸಣ್ಣ ಸಂಗತಿ. ಆದರೆ ಸಿನಿಮಾ ಹಾಡು ಕೇಳಿಯೇ ಬೆಳೆದ ಕನ್ನಡಿಗರಿಗೆ ಈ ಅಭ್ಯಾಸ ಬಹಳ ತಡವಾಗಿ ಬಂದಿತು. ಬಂದ ಮೇಲೆ ಹಾಡು, ಹಾಡುಗಾರ, ಕೇಳುಗ ಮೂವರ ಸಂಬಂಧವನ್ನೂ ಅದು ಬದಲಿಸಿತು.

ಸಿನಿಮಾದಲ್ಲಿ ದನಿ ಒಬ್ಬರದು, ಮುಖ ಇನ್ನೊಬ್ಬರದು. ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು, ರಾಜ್‌ಕುಮಾರ್ ಕಾಣುತ್ತಿದ್ದರು. ಆ ಕಂಠ ರಾಜ್ ಅವರದೇ ಎಂದು ನಂಬಿದವರು ಹಳ್ಳಿಹಳ್ಳಿಯಲ್ಲೂ ಇದ್ದರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಬೆನ್ನ ಮೇಲೆ ಕುಳಿತ ರಾಜ್‌ಕುಮಾರ್ ತಮ್ಮ ದನಿಯಲ್ಲೇ ಹಾಡಿದಾಗ ಜನ ಹಿಗ್ಗಿದ್ದರ ಹಿಂದೆ, ದನಿ ಮತ್ತು ಮುಖ ಒಂದಾದ ಸಂತೋಷವೂ ಇತ್ತು. ಮುಂದೆ 1992ರ ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ಗಾಯಕರಾಗಿಯೇ ರಾಷ್ಟ್ರಪ್ರಶಸ್ತಿ ಬಂದಿತು. ಅವರು ಬಂದದ್ದು ಗುಬ್ಬಿ ವೀರಣ್ಣನವರ ಕಂಪನಿಯಿಂದ. ಕಂಪನಿ ನಾಟಕದಲ್ಲಿ ಪಾತ್ರಧಾರಿಯೇ ಹಾಡಬೇಕು. ಹಾಡಲು ಬಾರದವನಿಗೆ ದೊಡ್ಡ ಪಾತ್ರ ಸಿಗುತ್ತಿರಲಿಲ್ಲ. ದನಿಯನ್ನೂ ಮುಖವನ್ನೂ ಬೇರೆ ಮಾಡಿದ್ದು ಸಿನಿಮಾ ಸ್ಟುಡಿಯೋದ ಮೈಕು.

ಈ ಬೇರ್ಪಡಿಕೆಗೆ ಇನ್ನೊಂದು ಒಳ್ಳೆಯ ನಿದರ್ಶನ 1990ರ ‘ಸಂತ ಶಿಶುನಾಳ ಶರೀಫ’. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಆ ಚಿತ್ರದಲ್ಲಿ ಶರೀಫರಾಗಿ ಕಾಣಿಸಿಕೊಂಡವರು ಶ್ರೀಧರ್, ಕಂಠ ಸಿ. ಅಶ್ವತ್ಥ್ ಅವರದು. ಇಂದಿಗೂ ಶರೀಫರ ಪದ ಕೇಳಿದರೆ ಅನೇಕರಿಗೆ ಅಶ್ವತ್ಥರ ಏರುದನಿ ಕಿವಿಯಲ್ಲಿ, ಶ್ರೀಧರರ ರೂಪ ಕಣ್ಣಲ್ಲಿ ಬರುತ್ತದೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ನಿಜವಾದ ಶರೀಫರು ಇವರಿಬ್ಬರ ಆಚೆಗೆ ಎಲ್ಲೋ ಇದ್ದಾರೆ.

ಹೊರಗಿನ ಜಗತ್ತಿನಲ್ಲಿ ಮ್ಯೂಸಿಕ್ ವಿಡಿಯೋಗೆ ಮನೆ ಸಿಕ್ಕಿದ್ದು 1981ರ ಆಗಸ್ಟ್ 1ರಂದು. ಅಂದು ಅಮೆರಿಕದಲ್ಲಿ ಎಂಟಿವಿ ಶುರುವಾಯಿತು. ಎರಡು ವರ್ಷದ ನಂತರ ಮೈಕೆಲ್ ಜಾಕ್ಸನ್ ‘ಥ್ರಿಲ್ಲರ್’ ಹಾಡಿಗೆ ಹದಿಮೂರು ನಿಮಿಷ ಮೀರಿದ ಚಿತ್ರ ಮಾಡಿಸಿ, ಒಂದು ಹಾಡು ತಾನೇ ಪುಟ್ಟ ಸಿನಿಮಾ ಆಗಬಲ್ಲದು ಎಂದು ತೋರಿಸಿದರು. ಭಾರತಕ್ಕೆ ಚಾನೆಲ್ ವಿ 1994ರಲ್ಲಿ, ಎಂಟಿವಿ 1996ರಲ್ಲಿ ಬಂದವು. ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’, ಈಜಿಪ್ಟಿನ ಪಿರಮಿಡ್ಡುಗಳ ನಡುವೆ ಲಕ್ಕಿ ಅಲಿ ಹಾಡಿದ ‘ಓ ಸನಮ್’ ಆ ಕಾಲದವು. ದಲೇರ್ ಮೆಹಂದಿಯವರ ಕತೆ ಇಲ್ಲಿ ಹೇಳಲೇಬೇಕು. ಅವರ ವಿಡಿಯೋಗಳು ಓಡುವುದು ಅವುಗಳಲ್ಲಿ ಕುಣಿಯುವ ಹುಡುಗಿಯರಿಂದ ಎಂದು ಟೀಕಾಕಾರರು ಆಡಿಕೊಂಡರು. ಅದಕ್ಕೆ ಉತ್ತರವಾಗಿ 1998ರ ‘ತುನಕ್ ತುನಕ್ ತುನ್’ ವಿಡಿಯೋದಲ್ಲಿ ಅವರು ಬೇರೆ ಯಾರನ್ನೂ ಸೇರಿಸಲಿಲ್ಲ. ನಾಲ್ಕು ಬಣ್ಣದ ಉಡುಪಿನಲ್ಲಿ ನಾಲ್ವರಾಗಿ ತಾವೊಬ್ಬರೇ ಕುಣಿದರು. ಪಂಜಾಬಿಯ ಒಂದಕ್ಷರ ತಿಳಿಯದ ದೇಶಗಳಲ್ಲೂ ಅದು ಓಡಿತು.

ಕನ್ನಡ ಆ ಹೊತ್ತಿಗೆ ಕ್ಯಾಸೆಟ್ಟಿನಲ್ಲೇ ಇತ್ತು. ಭಾವಗೀತೆ, ಭಕ್ತಿಗೀತೆ, ಜನಪದ ಎಲ್ಲವೂ ಕಿವಿಗೆ ಮಾತ್ರ. ಕವರಿನ ಮೇಲೆ ದೇವರ ಚಿತ್ರ, ಮೂಲೆಯಲ್ಲಿ ಅಂಚೆಚೀಟಿಯಷ್ಟು ದೊಡ್ಡ ಗಾಯಕರ ಫೋಟೋ. ಟಿವಿ ಕನ್ನಡ ನಾಡಿಗೆ ಬೇಗ ಬರಲಿಲ್ಲ ಎಂದಲ್ಲ. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸಿದ ಸೈಟ್ ಪ್ರಯೋಗ ನಡೆದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಆಗಿನ ಗುಲ್ಬರ್ಗ ಸೀಮೆಯ ಹಳ್ಳಿಗಳು ಅದರಲ್ಲಿದ್ದವು. ಆದರೆ ಆ ಪೆಟ್ಟಿಗೆಯಲ್ಲಿ ಬಂದದ್ದು ಹೆಚ್ಚಾಗಿ ಬೇಸಾಯ, ಆರೋಗ್ಯ, ಶಾಲೆಯ ಪಾಠ. ಹಾಡುಗಾರ ತನ್ನ ಹಾಡಿಗೆ ತಾನೇ ಚಿತ್ರ ಮಾಡಿಕೊಳ್ಳುವ ಕಾಲ ಬರಲು ಯೂಟ್ಯೂಬ್ ಬೇಕಾಯಿತು, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗಬೇಕಾಯಿತು.

ಈ ಕಲೆ ತುಂಬಿ ಬೆಳೆದ ಒಂದು ಭಾಷೆಯನ್ನು ನೋಡಿದರೆ ಕನ್ನಡದ ದಾರಿ ಸ್ಪಷ್ಟವಾಗುತ್ತದೆ. ಅದು ಚೀನೀ ಮ್ಯಾಂಡರಿನ್. ಅಲ್ಲಿನ ದೊಡ್ಡ ಹೆಸರು ತೈವಾನಿನ ಜೇ ಚೌ. 1979ರ ಜನವರಿ 18ರಂದು ಹುಟ್ಟಿದ ಅವರನ್ನು ಬೆಳೆಸಿದ್ದು ಶಾಲಾ ಶಿಕ್ಷಕಿಯಾಗಿದ್ದ ತಾಯಿ. ನಾಲ್ಕನೇ ವಯಸ್ಸಿನ ಆಸುಪಾಸಿನಲ್ಲೇ ಪಿಯಾನೋ ಮುಂದೆ ಕುಳಿತ ಹುಡುಗ. 1990ರ ದಶಕದ ಕೊನೆಯಲ್ಲಿ ಟಿವಿಯ ಪ್ರತಿಭಾಸ್ಪರ್ಧೆಯೊಂದಕ್ಕೆ ಅವರು ಹೋದದ್ದು ಹಾಡಲು ಅಲ್ಲ, ಹಾಡುವ ಗೆಳೆಯನಿಗೆ ಪಿಯಾನೋ ನುಡಿಸಲು. ಗೆಳೆಯನ ಹಾಡು ರುಚಿಸಲಿಲ್ಲ. ಕಾರ್ಯಕ್ರಮ ನಡೆಸುತ್ತಿದ್ದ ಜಾಕಿ ವೂ ಅವರ ಕಣ್ಣು ಸ್ವರಲಿಪಿಯ ಹಾಳೆಯ ಮೇಲೆ ಬಿದ್ದು, ಹುಡುಗನಿಗೆ ಬೇರೆಯವರಿಗೆ ಹಾಡು ಕಟ್ಟಿಕೊಡುವ ಕೆಲಸ ಸಿಕ್ಕಿತು. 2000ದಲ್ಲಿ ಅವರದೇ ಮೊದಲ ಆಲ್ಬಂ ‘ಜೇ’ ಬಂತು, ಮರುವರ್ಷ ‘ಫ್ಯಾಂಟಸಿ’. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು, ಪದಗಳನ್ನು ಅರ್ಧ ನುಂಗಿದಂತೆ ಹಾಡುವ ಈ ಸಂಕೋಚದ ಯುವಕ ಕೆಲವೇ ವರ್ಷಗಳಲ್ಲಿ ಚೀನಾ, ಹಾಂಗ್‌ಕಾಂಗ್, ಸಿಂಗಪುರ, ಮಲೇಷ್ಯಾಗಳ ಚೀನೀ ಮನೆಗಳಲ್ಲೆಲ್ಲ ಪರಿಚಿತ ಮುಖವಾದರು.

ಅವರ ವಿಡಿಯೋ ನೋಡುವಾಗ ಕನ್ನಡಿಗರ ಕಣ್ಣಿಗೆ ಮೊದಲು ಬೀಳುವುದು ತೆರೆಯ ಕೆಳಗೆ ಓಡುವ ಸಾಹಿತ್ಯದ ಸಾಲು. ಮ್ಯಾಂಡರಿನ್ ಹಾಡುಗಳಲ್ಲಿ ಇದು ಬಹುಪಾಲು ತಪ್ಪದು. ಕಾರಣ ಭಾಷೆಯಲ್ಲೇ ಇದೆ. ಮ್ಯಾಂಡರಿನ್‌ನಲ್ಲಿ ದನಿಯ ಏರಿಳಿತವೇ ಅರ್ಥ. ಒಂದೇ ಉಚ್ಚಾರವನ್ನು ನಾಲ್ಕು ಸ್ವರದಲ್ಲಿ ಹೇಳಿದರೆ ನಾಲ್ಕು ಬೇರೆ ಪದ. ಹಾಡಿನ ರಾಗ ಈ ಏರಿಳಿತವನ್ನು ಅಳಿಸಿಬಿಡುತ್ತದೆ. ಆಗ ಅರ್ಥ ಹಿಡಿಯಲು ಸಂದರ್ಭ ಬೇಕು, ಇಲ್ಲವೇ ಬರಹ ಬೇಕು. ಬರಹಕ್ಕೆ ಇನ್ನೊಂದು ಗುಣವೂ ಉಂಟು. ಕ್ಯಾಂಟನೀಸ್ ಆಡುವವರು ಮ್ಯಾಂಡರಿನ್ ಮಾತನ್ನು ಸುಲಭವಾಗಿ ಹಿಡಿಯಲಾರರು, ಆದರೆ ಲಿಪಿಯನ್ನು ಓದಬಲ್ಲರು. ಕರೋಕೆ ಕೋಣೆಯಲ್ಲಿ ಗೆಳೆಯರೆಲ್ಲ ಸೇರಿ ಮೈಕು ಹಿಡಿದು ಹಾಡುವ ಅಭ್ಯಾಸವೂ ಇದಕ್ಕೆ ಜೊತೆಯಾಗಿದೆ. ಹೀಗಾಗಿ ಅಲ್ಲಿನ ವಿಡಿಯೋ ನೋಡುವುದಕ್ಕೂ ಓದುವುದಕ್ಕೂ ಹಾಡುವುದಕ್ಕೂ ಒದಗುತ್ತದೆ. ಕನ್ನಡದಲ್ಲಿ ‘ಲಿರಿಕಲ್ ವಿಡಿಯೋ’ ಎಂದು ಬೇರೆಯಾಗಿ ಬಿಡುವುದನ್ನು ಅವರು ಮೊದಲಿನಿಂದಲೂ ಒಂದರಲ್ಲೇ ಇಟ್ಟಿದ್ದಾರೆ.

ಇನ್ನೊಂದು ವಿಶೇಷ ಹಳೆಯದನ್ನು ಹೊಸದರೊಳಗೆ ಕೂರಿಸುವ ಬಗೆ. ಜೇ ಚೌ ರಾಗ ಕಟ್ಟಿದರೆ ಸಾಹಿತ್ಯ ಬರೆಯುವವರು ಹೆಚ್ಚಾಗಿ ಫಾಂಗ್ ವೆನ್‌ಶಾನ್. ಇಬ್ಬರೂ ಸೇರಿ ಪಾಶ್ಚಾತ್ಯ ಆರ್‌ ಅಂಡ್ ಬಿ ಲಯದ ಮೇಲೆ ಪ್ರಾಚೀನ ಚೀನೀ ಕಾವ್ಯದ ನುಡಿಗಟ್ಟು ಮತ್ತು ಚೀನೀ ವಾದ್ಯಗಳನ್ನು ಹೂಡಿದರು. ಇದಕ್ಕೆ ಚೀನೀಯರು ‘ಚೀನೀ ಗಾಳಿ’ ಎಂಬ ಹೆಸರನ್ನೇ ಕೊಟ್ಟಿದ್ದಾರೆ. 2007ರ ‘ನೀಲಿ–ಬಿಳಿ ಪಿಂಗಾಣಿ’ ಇದರ ಉತ್ತಮ ಮಾದರಿ. ಪಿಂಗಾಣಿಯ ಮೇಲಿನ ನೀಲಿ ಗೆರೆ, ಮಳೆಗಾಗಿ ಕಾಯುವ ಆಕಾಶ, ಕಾಯುತ್ತಿರುವ ಮನುಷ್ಯ ಎಲ್ಲ ಒಂದೇ ಬಣ್ಣದಲ್ಲಿ ಕರಗುತ್ತವೆ. ವಿಡಿಯೋ ಇಂದಿನ ಹರಾಜುಕೋಣೆಯಿಂದ ಹಿಂದಿನ ಕಾಲದ ಪ್ರೇಮಕತೆಗೆ ಸಾಗುತ್ತದೆ. ಬಿದರಿ ಹೂಜಿಯ ಕಪ್ಪಿನ ಮೇಲೆ ಬೆಳ್ಳಿಯ ಎಳೆ ಕೂರಿಸುವುದನ್ನು ಕಂಡ ಬೀದರಿನವರಿಗೆ ಈ ಹಾಡಿನ ಕುಸುರಿ ಬಿಡಿಸಿ ಹೇಳಬೇಕಿಲ್ಲ.

ಜೇ ಚೌ ಅವರ ಎಲ್ಲ ಹಾಡೂ ಅರಮನೆಯ ಕಾಲದವಲ್ಲ. 2008ರಲ್ಲಿ ಸಿಚುವಾನ್ ಭೂಕಂಪ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ವರ್ಷ ಬಂದ ‘ಭತ್ತದ ಪರಿಮಳ’ ಸೋತು ಕುಳಿತವನಿಗೆ ಹಳ್ಳಿಯ ಗದ್ದೆ, ಬಾಲ್ಯ, ಮನೆಯ ದಾರಿ ನೆನಪಿಸಿ ಧೈರ್ಯ ಹೇಳುತ್ತದೆ. 2020ರ ‘ಮೊಹಿಟೊ’ ಕ್ಯೂಬಾದ ಹವಾನಾ ಬೀದಿಗಳ ಹಳೆಯ ಬಣ್ಣದ ಕಾರುಗಳಲ್ಲಿ ಸುತ್ತುತ್ತದೆ. 2022ರ ‘ಗ್ರೇಟೆಸ್ಟ್ ವರ್ಕ್ಸ್ ಆಫ್ ಆರ್ಟ್’ ವಿಡಿಯೋದಲ್ಲಿ ಅವರು ಇಪ್ಪತ್ತನೇ ಶತಮಾನದ ಮೊದಲ ಭಾಗದ ಪ್ಯಾರಿಸಿಗೆ ಹೋಗಿ ಮಾಗ್ರಿಟ್, ದಾಲಿ, ಮೋನೆ ಅವರಂತಹ ಕಲಾವಿದರನ್ನೂ ಚೀನೀ ಕವಿ ಶೂ ಝಿಮೋನನ್ನೂ ಭೇಟಿಯಾಗುತ್ತಾರೆ. ಪ್ರಸಿದ್ಧ ಪಿಯಾನೋ ವಾದಕ ಲ್ಯಾಂಗ್ ಲ್ಯಾಂಗ್ ಅವರೊಂದಿಗೆ ಪಿಯಾನೋ ಜುಗಲ್ಬಂದಿಗೆ ಇಳಿಯುತ್ತಾರೆ. ಖರ್ಚು ದೊಡ್ಡದು, ಕಲ್ಪನೆಯೂ ದೊಡ್ಡದು. ಆದರೂ ಅಭಿಮಾನಿಗಳ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುವುದು ಪಿಯಾನೋ ಮುಂದೆ ತಲೆ ತಗ್ಗಿಸಿ ಕುಳಿತ ಆ ಮನುಷ್ಯನೇ. ವಿಡಿಯೋದ ಬೆಲೆ ಇರುವುದು ಅಲ್ಲಿ.

ಕನ್ನಡದಲ್ಲಿ ಸಿನಿಮಾದ ಹೊರಗೆ ಗಾಯಕರ ಮುಖವನ್ನು ಮನೆಮಾತಾಗಿಸಿದವರಲ್ಲಿ ಮೊದಲು ನೆನೆಯಬೇಕಾದವರು ರಘು ದೀಕ್ಷಿತ್. 2008ರ ಮೊದಲ ಆಲ್ಬಂನಲ್ಲೇ ಅವರು ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿದ್ದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ನಿಂತರು. ಬ್ರಿಟನ್ನಿನ ಜನ ಹೊಸ ಸಂಗೀತಕ್ಕೆಂದು ಕಾದು ನೋಡುವ ಕಾರ್ಯಕ್ರಮ ಅದು. ಅದು ವೇದಿಕೆಯ ಚಿತ್ರಣವಷ್ಟೇ, ಕತೆ ಕಟ್ಟಿದ ಮ್ಯೂಸಿಕ್ ವಿಡಿಯೋ ಅಲ್ಲ. ಆದರೂ ಕನ್ನಡದ ಹಾಡಿಗೆ ನಟನ ಮುಖದ ಹಂಗು ಬೇಡ ಎಂದು ಅದು ತೋರಿಸಿತು.

ಮ್ಯೂಸಿಕ್ ವಿಡಿಯೋವನ್ನೇ ಜೀವನದ ದಾರಿ ಮಾಡಿಕೊಂಡವರು ಚಂದನ್ ಶೆಟ್ಟಿ. ಹಾಸನ ಜಿಲ್ಲೆಯವರು, ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಅವರ ಬಳಿ ಸಹಾಯಕರಾಗಿದ್ದು ಸಂಗೀತ ಸಂಯೋಜನೆ ಕಲಿತವರು. ‘3 ಪೆಗ್’, ‘ಚಾಕಲೇಟ್ ಗರ್ಲ್’ ವಿಡಿಯೋಗಳಿಂದ ಕನ್ನಡದ ರ‍್ಯಾಪ್ ಕಾಲೇಜು ಹುಡುಗರ ಫೋನಿಗೆ ಬಂತು. ‘3 ಪೆಗ್’ನಲ್ಲಿ ಐಂದ್ರಿತಾ ರೇ, ‘ಚಾಕಲೇಟ್ ಗರ್ಲ್’ನಲ್ಲಿ ನೇಹಾ ಶೆಟ್ಟಿ ಇದ್ದರೂ ಜನ ಅವನ್ನು ಕರೆದದ್ದು ಚಂದನ್ ಶೆಟ್ಟಿ ಹಾಡು ಎಂದೇ. 2018ರ ಜನವರಿಯಲ್ಲಿ ಕನ್ನಡ ಟಿವಿಯ ಬಿಗ್ ಬಾಸ್ ಸ್ಪರ್ಧೆಯ ಐದನೇ ಆವೃತ್ತಿ ಗೆದ್ದ ಮೇಲೆ ಆ ಮುಖ ಅಡುಗೆಮನೆಯವರೆಗೂ ತಲುಪಿತು. ಈ ಹಾಡುಗಳ ವಸ್ತು ಪಾರ್ಟಿ, ಹುಡುಗಿ, ಕುಡಿತವನ್ನು ದಾಟಿ ಹೋದದ್ದು ಕಡಿಮೆ, ಅದನ್ನು ಮೆಚ್ಚುವುದು ಕಷ್ಟ. ಆದರೆ ಬೆಂಗಳೂರಿನ ಆಡುಮಾತನ್ನು ತಾಳಕ್ಕೆ ಕೂರಿಸುವ ಅವರ ಕೈಚಳಕ ದೊಡ್ಡದು. ಕನ್ನಡದ ಉದ್ದುದ್ದ ಪದಗಳು, ಕೊನೆಯಲ್ಲಿ ಸ್ವರ ತೂಗುವ ಕ್ರಿಯಾಪದಗಳು ರ‍್ಯಾಪಿನ ಗುಂಡೇಟಿನಂತಹ ಲಯಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಬಗ್ಗಿಸಲು ಆಡುಮಾತಿನ ಮೊಟಕು ರೂಪಗಳೇ ಬೇಕು. ‘ಆಲ್ ಓಕೆ’ ಹೆಸರಿನ ಅಲೋಕ್ ಕೂಡ ಇದೇ ಹಾದಿಯಲ್ಲಿ ತಾವೇ ಬರೆದು, ತಾವೇ ಹಾಡಿ, ತಾವೇ ಕಾಣಿಸಿಕೊಂಡವರು.

ಅದೇ ಚಂದನ್ ಶೆಟ್ಟಿ ‘ಪೊಗರು’ ಚಿತ್ರದ ‘ಖರಾಬು’ ಹಾಡನ್ನು ಕಟ್ಟಿ ಹಾಡಿದಾಗ ತೆರೆಯ ಮೇಲೆ ಇದ್ದವರು ನಟ ಧ್ರುವ ಸರ್ಜಾ. 2020ರಲ್ಲಿ ಯೂಟ್ಯೂಬಿಗೆ ಬಂದ ಆ ಹಾಡನ್ನು ಕೋಟಿಗಟ್ಟಲೆ ಸಲ ನೋಡಿದ್ದಾರೆ. ಅದು ಧ್ರುವ ಅವರ ಹಾಡಾಗಿ ಉಳಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬಂದ ‘ಕೋಲುಮಂಡೆ’ಯಲ್ಲಿ ದನಿಯೂ ಮುಖವೂ ಚಂದನ್ ಅವರದೇ. ಈ ಎರಡು ಹಾಡುಗಳ ಹಣೆಬರಹ ಬೇರೆಯಾದದ್ದನ್ನು ನಿಧಾನವಾಗಿ ನೋಡಬೇಕು.

‘ಕೋಲುಮಂಡೆ’ಯ ಮೂಲ ಮಲೆ ಮಹದೇಶ್ವರ ಕಾವ್ಯ. ಚಾಮರಾಜನಗರ ಜಿಲ್ಲೆಯ ಬೆಟ್ಟದ ಆ ದೇವರ ಕತೆಯನ್ನು ಅವನ ಭಕ್ತ ಗಾಯಕರಾದ ದೇವರಗುಡ್ಡರು ಕಂಸಾಳೆ ಎಂಬ ತಾಳ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಅದರಲ್ಲಿ ಬರುವ ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ, ಮಕ್ಕಳಿಲ್ಲದವಳು. ಜೇನಿಗೆಂದು ಕಾಡಿಗೆ ಹೊರಟ ಗಂಡ ಅವಳ ಶೀಲವನ್ನು ಸಂಶಯಿಸಿ ಆಣೆ ಬೇಡುತ್ತಾನೆ, ಕ್ರೂರವಾಗಿ ಕಾಡುತ್ತಾನೆ. ಅವಳ ಮೊರೆ ಕೇಳಿ ಮಾದಪ್ಪ, ಅಂದರೆ ಮಹದೇಶ್ವರ, ಜಂಗಮನಾಗಿ ಅವಳ ಬಾಗಿಲಿಗೆ ಬರುತ್ತಾನೆ. ಅವನ ವರದಿಂದ ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ. ದಕ್ಷಿಣ ಕರ್ನಾಟಕದ ಲಕ್ಷಾಂತರ ಮನೆಗಳಲ್ಲಿ ಸಂಕಮ್ಮ ಕತೆಯ ಪಾತ್ರ ಮಾತ್ರವಾಗಿ ಉಳಿದಿಲ್ಲ, ಕಷ್ಟಪಟ್ಟು ಗೆದ್ದ ತಾಯಿಯಾಗಿದ್ದಾಳೆ. ವಿಡಿಯೋದಲ್ಲಿ ಅವಳನ್ನು ಅರೆಬಟ್ಟೆಯಲ್ಲಿ ಕುಣಿಸಿದ್ದಾರೆ ಎಂದು ಭಕ್ತರು ಕೆರಳಿದರು. ಚಂದನ್ ಕ್ಷಮೆ ಕೇಳಿದರು, ವಿಡಿಯೋವನ್ನು ತೆಗೆಯಲಾಯಿತು.

ಜನಪದಕ್ಕೆ ರ‍್ಯಾಪ್ ಬೆರೆಸಿದ್ದೇ ತಪ್ಪು ಎಂದು ಆಗ ಹೇಳಿದವರ ಮಾತು ಒಪ್ಪುವಂಥದ್ದಲ್ಲ. ಕಂಸಾಳೆಯ ಲಯದಲ್ಲೇ ರ‍್ಯಾಪಿಗೆ ಒಗ್ಗುವ ಬಿಗಿ ಇದೆ. ಎಡವಿದ್ದು ಚಿತ್ರದಲ್ಲಿ. ಜೇ ಚೌ ಮತ್ತು ಫಾಂಗ್ ವೆನ್‌ಶಾನ್ ಹಳೆಯ ಪಿಂಗಾಣಿಯ ಮೇಲೆ ಹೊಸ ಹಾಡು ಬರೆದರು; ಅವರು ಮುಟ್ಟಿದ್ದು ಸಂಗ್ರಹಾಲಯದಲ್ಲಿರುವ ವಸ್ತುವನ್ನು. ಇಲ್ಲಿ ಮುಟ್ಟಿದ್ದು ಇಂದೂ ಹರಕೆ ಹೊತ್ತು ನಡೆಯುವವರ ನಾಲಗೆಯ ಮೇಲಿರುವ ಹಾಡನ್ನು. ಸಿನಿಮಾ ಹಾಡಿನಲ್ಲಿ ಇಂಥದ್ದಾದರೆ ನಿರ್ದೇಶಕ, ನಿರ್ಮಾಪಕ, ನಟ, ನೃತ್ಯ ನಿರ್ದೇಶಕ ಎಂದು ಹೊಣೆ ಹಂಚಿಹೋಗುತ್ತದೆ. ಮ್ಯೂಸಿಕ್ ವಿಡಿಯೋದಲ್ಲಿ ಮುಖ ಯಾರದೋ ಉತ್ತರವೂ ಅವರದೇ. ಚಂದನ್ ಮುಂದೆ ಬಂದು ಕ್ಷಮೆ ಕೇಳಿದ್ದು ಆ ಅರ್ಥದಲ್ಲಿ ಸರಿಯಾದ ನಡೆ.

ಉತ್ತರ ಕರ್ನಾಟಕದ ಮ್ಯೂಸಿಕ್ ವಿಡಿಯೋಗಳ ಲೋಕವೇ ಬೇರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯಿಂದ ಬರುವ ಇವನ್ನು ಜನ ‘ಜಾನಪದ ಸಾಂಗ್’ ಎನ್ನುತ್ತಾರೆ. ಹಾಡು ಹೊಸದು, ಕವಿ ಇದ್ದಾನೆ, ಕೀಬೋರ್ಡಿದೆ; ಪಂಡಿತರ ಲೆಕ್ಕದಲ್ಲಿ ಅದು ಜನಪದವಲ್ಲ. ಆದರೆ ಜನರು ಅದನ್ನು ತಮ್ಮದೆಂದು ಒಪ್ಪಿಕೊಂಡ ಬಗೆ ಜನಪದದ್ದೇ. ಟ್ರ್ಯಾಕ್ಟರ್, ಕಬ್ಬಿನ ಗದ್ದೆ, ಊರ ಜಾತ್ರೆ, ಮುರಿದುಬಿದ್ದ ಲಗ್ನದ ಮಾತು, ಗಾಡಿ ಓಡಿಸುವ ಹುಡುಗನ ಪ್ರೀತಿ ಇವುಗಳ ವಸ್ತು. ಇಡೀ ಚಿತ್ರೀಕರಣ ಒಂದೆರಡು ದಿನದಲ್ಲಿ ಊರ ಸುತ್ತಲೇ ಮುಗಿಯುತ್ತದೆ. ಮದುವೆ ಮೆರವಣಿಗೆಯ ಡಿಜೆ ಗಾಡಿಯಲ್ಲಿ, ಲಾರಿಯ ಕ್ಯಾಬಿನ್ನಿನಲ್ಲಿ, ಬೀದರ ಜಿಲ್ಲೆಯ ಹಲಬರ್ಗಾ, ಭಾಲ್ಕಿ ಕಡೆಯ ಕಟ್ಟೆಗಳ ಮೇಲೆ ಕುಳಿತವರ ಫೋನಿನಲ್ಲಿ ಇವು ಓಡುತ್ತವೆ. ಇವುಗಳಲ್ಲಿ ಊರಾಚೆಗೆ, ಬೆಂಗಳೂರಿಗೂ ತಲುಪಿದ್ದು ಮಾಳು ನಿಪನಾಳ ಅವರ ‘ನಾ ಡ್ರೈವರ್’. ಆ ಹಾಡಿನ ಹೆಸರಿನಿಂದಲೇ ಅವರು 2025ರಲ್ಲಿ ಬಿಗ್ ಬಾಸ್ ಮನೆಗೂ ಹೋದರು.

ಮಾಳು ಅವರ ಹೆಸರಿನಲ್ಲಿರುವ ನಿಪನಾಳ ರಾಯಬಾಗ ತಾಲ್ಲೂಕಿನ ಊರು. ಪರಸು ಕೋಲೂರ ಎಂಬ ಇನ್ನೊಬ್ಬ ಜನಪ್ರಿಯ ಗಾಯಕರ ಹೆಸರಿನಲ್ಲಿರುವುದೂ ಊರ ಹೆಸರೇ. ಈ ಹಾಡುಗಳಲ್ಲಿ ಕೊನೆಯ ನುಡಿಗೆ ಬರುವಾಗ ಬರೆದವನ ಹೆಸರು, ಹಾಡಿದವನ ಊರು ಸೇರಿಸುವುದು ವಾಡಿಕೆ. ಗೀಗೀ ಪದದಲ್ಲಿ, ಮೊಹರಂ ಪದದಲ್ಲಿ, ಹಂತಿಯ ಹಾಡಿನಲ್ಲಿ ಕವಿಯ ಹೆಸರು, ಊರು, ಗುರುವಿನ ಹೆಸರು ಬರುವುದು ಹಳೆಯ ಪದ್ಧತಿ. ಶರಣರ ವಚನಕ್ಕೆ ಅಂಕಿತವಿದೆ. ಶರೀಫರು ಶಿಶುನಾಳದ ಒಡೆಯನನ್ನು ಕರೆಯದೆ ಪದ ಮುಗಿಸುವುದಿಲ್ಲ. ಅತ್ತ ರ‍್ಯಾಪ್ ಹಾಡುವವರೂ ನಡುವೆ ತಮ್ಮ ಹೆಸರನ್ನು ಕೂಗಿಕೊಳ್ಳುತ್ತಾರೆ, ನ್ಯೂಯಾರ್ಕಿನವರಾಗಲಿ ಬೆಂಗಳೂರಿನವರಾಗಲಿ. ಹೀಗೆ ನೋಡಿದರೆ ಮ್ಯೂಸಿಕ್ ವಿಡಿಯೋ ಈ ನೆಲಕ್ಕೆ ಪೂರ್ತಿ ಹೊಸದಲ್ಲ. ಹಾಡಿದವರು ಹಾಡಿನೊಳಗೆ ನಿಂತು ತಾವು ಇಂಥವರು, ಇಂಥ ಊರಿನವರು ಎಂದು ಹೇಳಿಕೊಳ್ಳುವ ಪದ್ಧತಿಗೆ ಕ್ಯಾಮೆರಾ ಸಿಕ್ಕಿದೆ.

ಬೀದರ ಸೀಮೆಯಲ್ಲೂ ಹಾಡಿಗೇನೂ ಬರವಿಲ್ಲ. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಒಂದೇ ಸಂತೆಯಲ್ಲಿ ಕೇಳುವ ಜಿಲ್ಲೆ ಇದು. ಹೆಣ್ಣುಮಕ್ಕಳ ಬುಲಾಯಿ ಪದಗಳು, ಬೀಸುವ ಕಲ್ಲಿನ ಪದಗಳು, ತತ್ವಪದ, ಮೊಹರಂ ಪದ, ಲಂಬಾಣಿ ತಾಂಡಾಗಳ ಹಾಡು ಎಲ್ಲ ಇವೆ. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಇವನ್ನು ಹಾಡುವ ಮುದುಕಿಯರ ದನಿ ಈಗ ಮೊಮ್ಮಕ್ಕಳ ಫೋನಿನಲ್ಲಿ ದಾಖಲಾಗುತ್ತಿದೆ, ಯೂಟ್ಯೂಬಿಗೂ ಏರುತ್ತಿದೆ. ದೊಡ್ಡ ಕ್ಯಾಮೆರಾ ಇಲ್ಲದಿದ್ದರೇನಂತೆ, ಹಾಡುವವಳ ಮುಖ ಕಾಣುತ್ತದೆ. ಮೈಕಿನ ಕಾಲ ಅಗಲಿಸಿದ್ದನ್ನು ಈ ಫೋನು ಮತ್ತೆ ಕೂಡಿಸಿದೆ.

ಕೊರತೆ ಒಂದೇ. ಇಂತಹ ವಿಡಿಯೋಗಳ ಕೆಳಗೆ ‘ಹಳ್ಳಿ ಹಾಡು’, ‘ಅಜ್ಜಿಯ ಪದ’ ಎಂದಷ್ಟೇ ಬರೆದಿರುತ್ತದೆ. ಹಾಡಿದ ಅಜ್ಜಿಯ ಹೆಸರಿಲ್ಲ, ಊರಿಲ್ಲ, ಹಾಡು ಅವಳಿಗೆ ಯಾರಿಂದ ಬಂತು ಎಂಬುದಿಲ್ಲ. ಹಾಡಿನ ಕೊನೆಯಲ್ಲಿ ಅಂಕಿತ ಹಾಕದೆ ಬಿಡದ ನಾಡಿನಲ್ಲಿ ಹೀಗಾಗಬಾರದು. ಮನೆಯ ಹಿರಿಯರ ಹಾಡನ್ನು ಫೋನಿನಲ್ಲಿ ಹಿಡಿಯುವವರು ಮೊದಲು ಅವರ ಒಪ್ಪಿಗೆ ಕೇಳಬೇಕು. ಆಮೇಲೆ ವಿಡಿಯೋ ಏರಿಸುವಾಗ ಮೊದಲ ಸಾಲಿನಲ್ಲೇ ನಾಲ್ಕು ಸಂಗತಿ ಬರೆಯಬೇಕು: ಹಾಡಿದವರ ಹೆಸರು, ಅವರ ಊರು, ಹಾಡಿದ ದಿನ, ಹಾಡು ಅವರಿಗೆ ಯಾರಿಂದ ಬಂತು ಎಂಬುದು.